ಮೊದಲು ಕಲ್ಲು, ಆಮೇಲೆ ಹೆಸರು

ಪ್ರಶ್ನೆ: ನನ್ನ ಮಗಳು ಧಾರವಾಡದಾಗ ಬಿ.ಎಸ್ಸಿ. ಓದ್ತಾಳ್ರಿ. ಅದರಾಗ ಒಂದು ವಿಷಯ ಭೂಗರ್ಭಶಾಸ್ತ್ರ. ಊರಿಗೆ ಬಂದಾಗೆಲ್ಲ ಕಲ್ಲಿನ ಇಂಗ್ಲಿಷ್ ಹೆಸರು ಬಾಯಿಪಾಠ ಮಾಡ್ತಾಳ. "ಅಪ್ಪಾ, ಧಾರವಾಡ ಅನ್ನೋ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕದಾಗೆಲ್ಲ ಐತಿ" ಅಂದ್ಲು. ಖರೇನ? ಖರೇ ಆದ್ರ, ಧಾರವಾಡದಾಗ ಕುಂತು ಕಲಿಯೋ ಹುಡುಗ್ರಿಗೆ ಅದರಿಂದ ಏನರ ಉಪಯೋಗ ಆಗಬೇಕಲ್ಲ? ನಾನು ಒಕ್ಕಲತನ ಮಾಡಾಂವ. ನಮ್ಮ ಯರಿ ಹೊಲದ ಬಗ್ಗೆ ಕೇಳಿದ್ರ ಅಕಿ ಹೇಳಿದ ಉತ್ತರ ನಮ್ಮ ಹೊಲದ್ದಲ್ಲ, ಪುಸ್ತಕದ್ದು ಅನಿಸ್ತು. ಈ ವಿಷಯ ಕಲಿಸೋದು ಹೆಂಗ್ರಿ?
— ಒಬ್ಬ ಓದುಗರು, ನವಲಗುಂದ ತಾಲ್ಲೂಕು

ಉತ್ತರ: ಖರೇನೇ ರೀ. ನಿಮ್ಮ ಮಗಳು ಒಂದಿಷ್ಟೂ ಹೆಚ್ಚು ಹೇಳಿಲ್ಲ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದ. ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ನಮ್ಮ ಈ ಭಾಗವನ್ನು ತಿರುಗಿ ನೋಡಿ, 1876ರಲ್ಲಿ ಅದರ ಕಲ್ಲುಮಣ್ಣಿನ ಮೇಲೆ ದೊಡ್ಡ ವರದಿ ಪ್ರಕಟಿಸಿದ. ಮುಂದೆ 1880ರ ದಶಕದಲ್ಲಿ, ದಕ್ಷಿಣ ಭಾರತದಲ್ಲಿ ಬಂಗಾರ ಹುದುಗಿರುವ ಹಳೆಯ ಶಿಸ್ಟ್ ಕಲ್ಲಿನ ಪಟ್ಟಿಗಳನ್ನೆಲ್ಲ ಒಂದೇ ಕುಟುಂಬವೆಂದು ಗುರುತಿಸಿ ಅವಕ್ಕೆ ಧಾರವಾಡದ ಹೆಸರಿಟ್ಟ. ಇಂಗ್ಲಿಷರ ಬರವಣಿಗೆಯಲ್ಲಿ ಊರಿನ ಕೊನೆಯ 'ಡ' ಹೋಗಿ 'ರ್' ಬಂತು. ಹಾಗಾಗಿ ವಿಜ್ಞಾನದ ಪುಸ್ತಕಗಳಲ್ಲಿ ಅದು ಇವತ್ತಿಗೂ 'ಧಾರವಾರ್'. ಕರ್ನಾಟಕದ ಬಹುಭಾಗ ಕುಳಿತಿರುವ ಪುರಾತನ ಗಟ್ಟಿ ನೆಲಕ್ಕೆ ಈಗ ಧಾರವಾರ್ ಕ್ರೇಟಾನ್ ಎಂಬ ಹೆಸರಿದೆ. ಆಸ್ಟ್ರೇಲಿಯಾದ ಪಿಲ್ಬರಾ, ದಕ್ಷಿಣ ಆಫ್ರಿಕಾದ ಕಾಪ್‌ವಾಲ್ ಇವುಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಭೂಮಿಯ ಎಳೆತನದ ಕಥೆ ಬರೆಯುವವರು ಯಾವ ದೇಶದವರಾದರೂ ನಮ್ಮೂರಿನ ಹೆಸರು ಎತ್ತಲೇಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಯರಿ ಹೊಲದ ಮಾತು. ಮಗಳು ಏನು ಹೇಳಿರಬಹುದೆಂದು ಊಹಿಸಬಲ್ಲೆ. 'ಕಪ್ಪು ಮಣ್ಣು ದಖ್ಖನದ ಲಾವಾ ಕಲ್ಲು ಸವೆದು ಆದದ್ದು' ಎಂದಿರಬೇಕು. ಶಾಲೆಯ ಭೂಗೋಳದಿಂದ ಹಿಡಿದು ಎಲ್ಲ ಪುಸ್ತಕಗಳಲ್ಲೂ ಹಾಗೇ ಇದೆ. ಮಹಾರಾಷ್ಟ್ರದ ಮಟ್ಟಿಗೆ ಅದು ಸರಿ. ಆ ಲಾವಾ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದದ್ದು, ಅದರ ದಕ್ಷಿಣದ ಅಂಚು ಬೆಳಗಾವಿಯ ಸೀಮೆಯಲ್ಲೇ ಮುಗಿಯುತ್ತದೆ. ನಿಮ್ಮ ಕಡೆ ಬಾವಿ ತೋಡಿದರೆ ಮಣ್ಣಿನ ಕೆಳಗೆ ಸಿಗುವುದು ಹಳೆಯ ಶಿಸ್ಟು, ನೈಸು, ಅಂದರೆ ಆ ಲಾವಾಕ್ಕಿಂತ ನಲವತ್ತು ಪಟ್ಟು ಹಳೆಯ ಕಲ್ಲು. ಹಾಗಾದರೆ ಲಾವಾ ಇಲ್ಲದ ಊರಲ್ಲಿ ಯರಿ ಎಲ್ಲಿಂದ ಬಂತು? ನನ್ನ ಪ್ರಕಾರ ಧಾರವಾಡದ ಪದವಿ ತರಗತಿಯ ಮೊದಲ ದಿನದ ಪಾಠ ಈ ಪ್ರಶ್ನೆಯಿಂದಲೇ ಶುರುವಾಗಬೇಕು.

ಕಲಘಟಗಿ ಕಡೆಯಿಂದ ಹೊರಟು ಧಾರವಾಡ ಹಾಯ್ದು ನಿಮ್ಮ ನವಲಗುಂದಕ್ಕೆ ಒಂದು ದಿನ ಬಸ್ಸಿನಲ್ಲಿ ಬಂದರೆ ಸಾಕು, ಉತ್ತರದ ಅರ್ಧ ಕಿಟಕಿಯಲ್ಲೇ ಕಾಣುತ್ತದೆ. ಪಶ್ಚಿಮಕ್ಕೆ ಮಳೆ ಜಾಸ್ತಿ, ಭತ್ತದ ಗದ್ದೆ, ಕೆಂಪು ಮಣ್ಣು, ಅದರಡಿ ಗರಸು. ಪೂರ್ವಕ್ಕೆ ಬಂದಷ್ಟೂ ಮಳೆ ಕಮ್ಮಿ, ನೆಲ ಸಪಾಟು, ಮಣ್ಣು ಕಪ್ಪು, ಹೊಲದಲ್ಲಿ ಹತ್ತಿ, ಜೋಳ, ಕಡಲೆ. ಕೆಳಗಿನ ಕಲ್ಲಿನ ಕುಲ ಬಹುಮಟ್ಟಿಗೆ ಅದೇ, ಮೇಲೆ ಬೀಳುವ ನೀರು ಬೇರೆ. ಜೋರು ಮಳೆ ಕಲ್ಲಿನೊಳಗಿನ ಸುಣ್ಣ, ಮೆಗ್ನೀಸಿಯಂ, ಸಿಲಿಕಾವನ್ನು ತೊಳೆದುಕೊಂಡು ಹೋಗಿ ಕಬ್ಬಿಣದ ತುಕ್ಕನ್ನು ಉಳಿಸುತ್ತದೆ, ಅದಕ್ಕೇ ಅಲ್ಲಿ ಕೆಂಪು. ಮಳೆ ಕಮ್ಮಿಯಾಗಿ ನೀರು ನಿಂತಲ್ಲೇ ಇಂಗಿ ಆರಿದರೆ ಆ ಸತ್ವಗಳೆಲ್ಲ ಅಲ್ಲೇ ಉಳಿದು ಸ್ಮೆಕ್ಟೈಟ್ ಎಂಬ ಜಿಗುಟು ಜೇಡಿ ಹುಟ್ಟುತ್ತದೆ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲ ಬಾಯಿಬಿಡುವುದು, ಮೇಲಿನ ಪುಡಿ ಆ ಬಿರುಕಿನೊಳಗೆ ಉದುರಿ ಹೊಲ ತನ್ನನ್ನು ತಾನೇ ಮಗುಚಿಕೊಳ್ಳುವುದು ಇದರಿಂದಲೇ. ನೆಲದಾಳದಲ್ಲಿ ಸಿಗುವ ಬಿಳಿ ಸುಣ್ಣದ ಹರಳು, ನಿಮ್ಮ ಕಡೆ ಬೋರಿನಲ್ಲಿ ಬರುವ ಸವಳು ನೀರು, ಎರಡೂ ಇದೇ ಸಂಸಾರದವು. ತೊಳೆದು ಹೋಗದೆ ಉಳಿದದ್ದರ ಲೆಕ್ಕ ಅದು. ಮಣ್ಣು ಆಗುವುದಕ್ಕೆ ತಾಯಿಕಲ್ಲು, ಹವೆ, ನೆಲದ ಏರುತಗ್ಗು, ಜೀವಿಗಳು, ಕಾಲ ಎಂದು ಐದು ಕಾರಣಗಳನ್ನು ಹಾನ್ಸ್ ಯೆನಿ 1941ರಲ್ಲಿ ಪುಸ್ತಕ ಬರೆದು ವಿವರಿಸಿದ. ನಮ್ಮ ಜಿಲ್ಲೆಯಲ್ಲಿ ಆ ಐದನ್ನೂ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಯೊಳಗೆ ತೋರಿಸಿ ಬರಬಹುದು.

ಇದನ್ನು ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆಂದರೆ, ನಾನೂ ಶುರುವಿನ ವರ್ಷಗಳಲ್ಲಿ ತಪ್ಪಾಗಿಯೇ ಕಲಿಸಿದವನು. ನೋಟ್ಸ್ ಹೇಳಿ ಬರೆಸುತ್ತಿದ್ದೆ. ಪ್ರಯೋಗಾಲಯದಲ್ಲಿ ಕಟ್ಟಿಗೆಯ ಪೆಟ್ಟಿಗೆ, ಅದರಲ್ಲಿ ನಂಬರು ಹಚ್ಚಿದ ಕಲ್ಲಿನ ತುಂಡುಗಳು. ಮಕ್ಕಳು ನಂಬರಿಗೆ ಹೆಸರು ಜೋಡಿಸಿ ಕಲಿಯುತ್ತಿದ್ದರು. ಒಬ್ಬ ಹುಡುಗ ಪ್ರಾಯೋಗಿಕ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತೂ ಸರಿಯಾಗಿ ಗುರುತಿಸಿದ. ಆಮೇಲೆ ಪ್ರವಾಸದಲ್ಲಿ ಅದೇ ಕಲ್ಲಿನ ಮೇಲೆ ನಿಂತು "ಸರ್, ಇಲ್ಲಿ ನೋಡೋದು ಏನೈತ್ರಿ?" ಅಂದ. ಅವನ ತಪ್ಪಲ್ಲ. ಬಯಲಿನ ಕಲ್ಲಿಗೆ ನಂಬರು ಇರುವುದಿಲ್ಲ. ಬಿಸಿಲು ಮಳೆಗೆ ಬಣ್ಣಗೆಟ್ಟಿರುತ್ತದೆ, ಪಾಚಿ ಹತ್ತಿರುತ್ತದೆ, ಅರ್ಧ ಮಣ್ಣಲ್ಲಿ ಹೂತಿರುತ್ತದೆ. ನಾನು ಅವನಿಗೆ ಹೆಸರು ಕೊಟ್ಟಿದ್ದೆ, ಕಣ್ಣು ಕೊಟ್ಟಿರಲಿಲ್ಲ. ಅಂದಿನಿಂದ ಮೊದಲ ಒಂದು ತಿಂಗಳು ತರಗತಿಯಲ್ಲಿ ಯಾವ ಕಲ್ಲಿನ ಹೆಸರನ್ನೂ ಹೇಳುವುದಿಲ್ಲ ಎಂದು ನಿಯಮ ಹಾಕಿಕೊಂಡೆ. ಮಕ್ಕಳು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು: ಕಣ ದಪ್ಪವೋ ಸಣ್ಣದೋ, ಪದರ ಇದೆಯೋ ಇಲ್ಲವೋ, ಉಗುರಿಗೆ ಗೀರು ಬೀಳುತ್ತದೋ, ಚಾಕುವಿಗೋ, ಚಾಕುವಿಗೂ ಬಗ್ಗುವುದಿಲ್ಲವೋ. ಹತ್ತು ಪಟ್ಟಿನ ಒಂದು ಮಸೂರ, ಒಂದು ಸುತ್ತಿಗೆ, ಚಿತ್ರ ಬರೆಯಲು ಒಂದು ವಹಿ. ಫೋಟೊ ತೆಗೆಯುವುದು ಆಮೇಲೆ. ಕೈಯಿಂದ ಗೆರೆ ಎಳೆಯುವಾಗ ಕಣ್ಣು ಎರಡನೇ ಸಲ ನೋಡಲೇಬೇಕಾಗುತ್ತದೆ.

ಉಪಕರಣ ಇಲ್ಲ ಎಂಬ ಮಾತನ್ನು ಬಹಳ ಕೇಳಿದ್ದೇನೆ. ಕಲ್ಲನ್ನು 0.03 ಮಿಲಿಮೀಟರಿನಷ್ಟು ತೆಳ್ಳಗೆ ಅರೆದು ಬೆಳಕು ಹಾಯಿಸಿ ನೋಡುವ ಸೂಕ್ಷ್ಮದರ್ಶಕ ತುಟ್ಟಿ ನಿಜ, ಪದವಿಯ ಮಟ್ಟದಲ್ಲಿ ಅದು ಬೇಕೂ ಬೇಕು. ಆದರೆ ಕಬ್ಬಿಣದ ಅದಿರನ್ನು ಗುರುತಿಸಲು ಒಡೆದ ಟೈಲ್ಸಿನ ಹೊಳಪಿಲ್ಲದ ಹಿಂಬದಿ ಸಾಕು. ಹೆಮಟೈಟ್ ಮೇಲೆ ಎಷ್ಟೇ ಕಪ್ಪಗಿದ್ದರೂ ಅಲ್ಲಿ ಉಜ್ಜಿದರೆ ಕೆಂಪು ಗೆರೆಯನ್ನೇ ಎಳೆಯುತ್ತದೆ. ಮನೆಯಲ್ಲಿ ಹಾಸಿದ ಶಾಬಾದಿ ಫರ್ಸಿಯ ಒಡಕು ಚೂರಿನ ಮೇಲೆ ಒಂದು ಹನಿ ತೆಳು ಆಸಿಡ್ ಬಿಟ್ಟರೆ ಬುಸುಗುಟ್ಟುತ್ತದೆ, ಅದು ಸುಣ್ಣಕಲ್ಲು. ಬೀಸುಕಲ್ಲಿನ ಮೇಲೆ ಬಿಟ್ಟರೆ ಸುಮ್ಮನಿರುತ್ತದೆ. ಇನ್ನೊಂದು ಹೇಳಲೇಬೇಕು: 75 ಡಿಗ್ರಿ ಪೂರ್ವ ರೇಖಾಂಶ ಧಾರವಾಡ ಊರೊಳಗೇ ಹಾಯ್ದು ಹೋಗುತ್ತದೆ. ಗಡಿಯಾರದ ಸಮಯ ಮಾತ್ರ 82.5 ಡಿಗ್ರಿಯದು. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆದರೆ, ಅತಿ ಗಿಡ್ಡ ನೆರಳು ಬೀಳುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಏಳೂವರೆ ಡಿಗ್ರಿಗೆ ಅರ್ಧ ತಾಸು. ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ 10ರ ಸುಮಾರಿಗೆ ಮತ್ತೊಮ್ಮೆ ಸೂರ್ಯ ನೆತ್ತಿಯ ಮೇಲೆ ಬಂದು ಆ ನೆರಳೇ ಇಲ್ಲವಾಗುತ್ತದೆ. ಭೂಮಿ ದುಂಡಗಿದೆ, ತಿರುಗುತ್ತದೆ, ವಾಲಿದೆ ಎಂಬ ಮೂರೂ ಪಾಠ ಒಂದು ಕೋಲಿನಲ್ಲಿವೆ.

ನಿಜವಾಗಿ ಕಷ್ಟದ್ದು ಕಾಲ. ಕೋಟಿ ಎಂಬ ಮಾತು ಬಾಯಿಗೆ ಬಂದಷ್ಟು ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. ಇದಕ್ಕೆ ಹುಬ್ಬಳ್ಳಿಯಲ್ಲೇ ಒಂದು ಅಳತೆಗೋಲಿದೆ. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಅದರ ಒಂದು ತುದಿಯಲ್ಲಿ ಭೂಮಿ ಹುಟ್ಟಿತು ಎಂದು ಇಟ್ಟುಕೊಳ್ಳಿ, ಇನ್ನೊಂದು ತುದಿ ಈ ದಿನ. ನಡುವೆ 460 ಕೋಟಿ ವರ್ಷ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಮಕ್ಕಳನ್ನು ನಡೆಸಬೇಕು. ಐನೂರೈವತ್ತು ಮೀಟರ್ ದಾಟಿ ಇನ್ನೊಂದು ನೂರು ಮೀಟರ್ ನಡೆಯುವಷ್ಟರಲ್ಲಿ ನಮ್ಮ ಧಾರವಾಡದ ಕಲ್ಲುಗಳು ಹುಟ್ಟಿಬಿಡುತ್ತವೆ, ಅಂದರೆ ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದೆ. ಆಮೇಲೆ ಬಹಳ ಹೊತ್ತು ನಡೆಯಬೇಕು, ಬರೀ ಕಣ್ಣಿಗೆ ಕಾಣದ ಜೀವಿಗಳದೇ ರಾಜ್ಯ. ಕೊನೆಗೆ ನೂರೆಂಬತ್ತು ಮೀಟರ್ ಉಳಿದಾಗ ಸಮುದ್ರದಲ್ಲಿ ಚಿಪ್ಪು, ಕಾಲು, ಕಣ್ಣು ಇರುವ ಪ್ರಾಣಿಗಳು ತುಂಬಿಕೊಳ್ಳುತ್ತವೆ. ದಖ್ಖನದ ಲಾವಾ ಹರಿಯುವುದು ಕೊನೆಯ ಒಂದೇ ಒಂದು ಬೋಗಿಯಷ್ಟು ಜಾಗ ಇರುವಾಗ. ನಮ್ಮಂಥ ಮನುಷ್ಯರು ಬಂದದ್ದು ಕೊನೆಯ ಗೇಣಿನ ಅರ್ಧದಲ್ಲಿ. ಬಿತ್ತಿ ಬೆಳೆಯಲು ಕಲಿತ ಹತ್ತು ಹನ್ನೆರಡು ಸಾವಿರ ವರ್ಷಕ್ಕೆ ಅಲ್ಲಿ ಸಿಗುವ ಜಾಗ ಒಂದು ಜೋಳದ ಕಾಳಿನಷ್ಟು. ನಿಮ್ಮ ಚೀಲದಿಂದ ಒಂದು ಕಾಳು ಮಗಳ ಕೈಗೆ ಕೊಟ್ಟು ಕಳಿಸಿ, ಪ್ಲಾಟ್‌ಫಾರ್ಮಿನ ಅಂಚಿಗೆ ಇಟ್ಟು ಹಿಂದಕ್ಕೆ ತಿರುಗಿ ನೋಡಲಿ.

ಇನ್ನು ನೀರು. ನಕ್ಷೆ ಓದುವುದನ್ನು ಕಲಿಸುವಾಗ ನಾನು ಬೇರೆ ಊರಿನ ನಕ್ಷೆ ಕೊಡುವುದಿಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಪಶ್ಚಿಮದ ದಾರಿ ಹಿಡಿದು ಬೇಡ್ತಿಗೆ ಸೇರಿ, ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಶಿಗ್ಗಾಂವಿ ಕಡೆಯಿಂದ ಬರುವ ಬೆಣ್ಣಿಹಳ್ಳ ನಿಮ್ಮ ತಾಲ್ಲೂಕು ಹಾಯ್ದು ಮಲಪ್ರಭೆಗೆ ಬಿದ್ದು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡು ಸಮುದ್ರಗಳ ನೀರನ್ನು ಬೇರೆ ಮಾಡುವ ದಿಬ್ಬದ ಮೇಲೆ ನಮ್ಮ ಊರು ಕುಳಿತಿದೆ. ಆ ದಿಬ್ಬ ಕಣ್ಣಿಗೆ ದಿಬ್ಬದಂತೆ ಕಾಣುವುದೂ ಇಲ್ಲ. ನಕ್ಷೆಯ ಸಮೋನ್ನತಿ ರೇಖೆಗಳ ನಡುವೆ ಪೆನ್ಸಿಲಿನಿಂದ ಅದನ್ನು ಹುಡುಕಿ ಎಳೆಯಿರಿ ಎಂದು ಮಕ್ಕಳಿಗೆ ಹೇಳಿದರೆ ಒಂದು ತಾಸು ತರಗತಿ ಗಪ್‌ಚಿಪ್. ಮಹದಾಯಿಯ ನೀರಿಗಾಗಿ 2015ರಿಂದ ನಿಮ್ಮ ನವಲಗುಂದದಲ್ಲಿ ನಡೆದ ಹೋರಾಟದ ಬೇರು ಇಂಥದೇ ಗೆರೆಯಲ್ಲಿದೆ. ಖಾನಾಪುರದ ಕಾಡಿನಲ್ಲಿ ಮಲಪ್ರಭೆ ಪೂರ್ವಕ್ಕೆ, ಮಹದಾಯಿ ಪಶ್ಚಿಮಕ್ಕೆ. ಒಂದರ ನೀರು ಇನ್ನೊಂದಕ್ಕೆ ತರಬೇಕೆಂದರೆ ಆ ಗೆರೆ ದಾಟಿಸಬೇಕು. ಅದೇ ರೀತಿ 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಹೊಲ ಮುಳುಗಿಸಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಪಾಟು ನೆಲ, ತೊಯ್ದ ಮೇಲೆ ನೀರನ್ನು ಕೆಳಗಿಳಿಯಗೊಡದ ಜೇಡಿ, ಮೇಲಿನ ಸೀಮೆಯ ಮಳೆ, ಮೂರೂ ಕೂಡಿದರೆ ಹಾಗೇ ಆಗುತ್ತದೆ. ಬರ ಮತ್ತು ನೆರೆ ಒಂದೇ ತಾಲ್ಲೂಕಿಗೆ ಯಾಕೆ ಬರುತ್ತವೆ ಎಂದು ತರಗತಿಯಲ್ಲಿ ಕೇಳಿದರೆ, ನವಲಗುಂದ ಕಡೆಯ ಮಕ್ಕಳು ಮೊದಲ ಬೆಂಚಿಗೆ ಬರುತ್ತಾರೆ.

ಒಂದೇ ಜಾಗಕ್ಕೆ ಕರೆದೊಯ್ಯಲು ಅವಕಾಶ ಸಿಕ್ಕರೆ ನಾನು ಸವದತ್ತಿಯ ನವಿಲುತೀರ್ಥ ಆರಿಸುತ್ತೇನೆ. ಹುಬ್ಬಳ್ಳಿ-ಧಾರವಾಡ ಕುಡಿಯುವ ಮಲಪ್ರಭೆಯ ನೀರು ನಿಂತಿರುವುದು ಅಲ್ಲೇ, ರೇಣುಕಾ ಸಾಗರದಲ್ಲಿ. ನದಿ ಗಟ್ಟಿ ಕ್ವಾರ್ಟ್‌ಜೈಟ್ ಗುಡ್ಡವನ್ನು ಕೊರೆದು ಮಾಡಿದ ಇಕ್ಕಟ್ಟು ಕಣಿವೆಗೇ ಅಣೆಕಟ್ಟು ಕಟ್ಟಿದ್ದಾರೆ. ಕಲ್ಲು ನೋಡಿಯೇ ಆ ಜಾಗ ಆರಿಸಿದ್ದು ಎಂದು ಅಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ. ಆ ಕ್ವಾರ್ಟ್‌ಜೈಟ್ ಒಮ್ಮೆ ಆಳವಿಲ್ಲದ ನೀರಿನ ದಂಡೆಯ ಮರಳಾಗಿತ್ತು. ಕಲಾದಗಿ ಊರಿನ ಹೆಸರಿನಿಂದ ಕರೆಯುವ ಶಿಲಾಸಮೂಹ ಅದು, ಆ ಹೆಸರೂ ಫೂಟ್ ಇಟ್ಟದ್ದೇ. ಅದರ ಕೆಳಗೆ ಇರುವುದು ಧಾರವಾಡ ಕಾಲದ ಹಳೆಯ ನೆಲ, ಮಡಚಿ, ಸೆಟೆದು, ಆಮೇಲೆ ಸವೆದು ಸಪಾಟಾದದ್ದು. ಎರಡರ ನಡುವಿನ ಗೆರೆಯ ಮೇಲೆ ಕೈಯಿಟ್ಟರೆ ಕಡಿಮೆಯೆಂದರೂ ಐವತ್ತು ಕೋಟಿ ವರ್ಷ ಬೆರಳಿನ ಅಡಿಗೆ ಬರುತ್ತದೆ. ಗುಡ್ಡಗಳೇ ಎದ್ದು ಸವೆದು ಹೋದ ಅಷ್ಟು ಕಾಲಕ್ಕೆ ಅಲ್ಲಿ ಒಂದು ಪುಟವೂ ಉಳಿದಿಲ್ಲ. 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬಲ್ಲಿ ಜೇಮ್ಸ್ ಹಟನ್ ಇಂಥದೇ ಒಂದು ಗೆರೆ ಕಂಡು, ಭೂಮಿಗೆ ಊಹೆಗೆ ನಿಲುಕದಷ್ಟು ವಯಸ್ಸಾಗಿದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತೆಂದು ತಿಳಿದ. ಅಲ್ಲಿ ಕಳೆದುಹೋದ ಕಾಲ ಆರೇಳು ಕೋಟಿ ವರ್ಷದ್ದು. ಜಗತ್ತಿನ ಭೂವಿಜ್ಞಾನಿಗಳೆಲ್ಲ ಅದನ್ನು ನೋಡಲು ಯಾತ್ರೆ ಹೋಗುತ್ತಾರೆ. ಧಾರವಾಡದಿಂದ ಸವದತ್ತಿಗೆ ನಲವತ್ತು ಕಿಲೋಮೀಟರ್, ಎಲ್ಲಮ್ಮನ ಗುಡ್ಡಕ್ಕೆ ಹೋಗುವವರೆಲ್ಲ ಆ ಬಂಡೆಗಳ ಪಕ್ಕದಲ್ಲೇ ಹೋಗುತ್ತಾರೆ.

ಗದಗಿನ ಕಪ್ಪತಗುಡ್ಡಕ್ಕೂ ಒಂದು ದಿನ ಇರಲಿ. ಅಲ್ಲಿ ಕೆಂಪು ಕಪ್ಪು ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು ಸಿಗುತ್ತದೆ. ಗಾಳಿಯಲ್ಲಿ ಆಮ್ಲಜನಕ ಇಲ್ಲದಿದ್ದ ಕಾಲದಲ್ಲಿ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ, ಸಿಲಿಕಾದ ಜೊತೆ ಪದರಪದರವಾಗಿ ಕೆಳಗೆ ಕುಳಿತು ಆದದ್ದು. ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಆ ಕಲ್ಲು ಅದಕ್ಕಿಂತ ಮೊದಲಿನದು. ನಾವು ಈಗ ಎಳೆದುಕೊಳ್ಳುವ ಉಸಿರು ಇನ್ನೂ ಹುಟ್ಟಿರದ ದಿನಗಳ ದಾಖಲೆ ಗದಗಿನಲ್ಲಿದೆ.

ನೀವು ಕೇಳದೇ ಇದ್ದರೂ ಭಾಷೆಯ ಮಾತು ಹೇಳಬೇಕು. ನಮ್ಮ ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದು ಇಲ್ಲಿ ಒಮ್ಮೆಲೆ ಇಂಗ್ಲಿಷಿನ ಗ್ರೀಕ್ ಮೂಲದ ಪದಗಳ ಮುಂದೆ ನಿಲ್ಲುತ್ತಾರೆ. ಅವರ ಮನೆಯಲ್ಲಿ ಕಲ್ಲುಮಣ್ಣಿಗೆ ಎಷ್ಟು ಪದಗಳಿವೆ ಎಂದು ಯಾರೂ ಕೇಳುವುದಿಲ್ಲ. ಯರಿ, ಮಸಾರಿ, ಗರಸು, ಸವಳು, ಬೆಣಚುಕಲ್ಲು, ಕಾಗೆಬಂಗಾರ, ಬಳಪದ ಕಲ್ಲು. ಚಿಕ್ಕಂದಿನಲ್ಲಿ ಬರೆದ ಪಾಟಿಯೇ ಒಂದು ಶಿಲೆ, ಧಾರವಾಡದ ಗುಡ್ಡಗಳ ಫಿಲೈಟ್ ಅದರ ಅಣ್ಣನಂಥದು, ಇನ್ನೂ ಸ್ವಲ್ಪ ಒತ್ತಡ, ಶಾಖ ಉಂಡದ್ದು. ಶಿಲಾಪದರದ ಡಿಪ್ ಮತ್ತು ಸ್ಟ್ರೈಕ್ ಎಂಬುವು ಮಕ್ಕಳನ್ನು ಮೂರು ವರ್ಷ ಕಾಡುತ್ತವೆ. ನಾನು ಹಂಚಿನ ಮನೆಯ ಚಾವಣಿ ತೋರಿಸುತ್ತೇನೆ. ಮಳೆಹನಿ ಹಂಚಿನ ಮೇಲೆ ಉರುಳಿ ಇಳಿಯುವ ದಿಕ್ಕು ಡಿಪ್, ನೆತ್ತಿಯ ಮೇಲಿನ ಸಾಲು ಹಂಚು ಓಡುವ ದಿಕ್ಕು ಸ್ಟ್ರೈಕ್. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಲಿ, ಬೇಕಾದದ್ದೇ. ಅರ್ಥ ಮಾತ್ರ ಮೊದಲು ಮನೆಯ ಮಾತಿನಲ್ಲಿ ಆಗಬೇಕು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಊರು ಇದು, 1950ರ ಹೊತ್ತಿಗೆ ಕರ್ನಾಟಕ ವಿಶ್ವವಿದ್ಯಾಲಯವೂ ಇಲ್ಲಿಗೆ ಬಂತು. ಈ ಕೆಲಸ ಇಲ್ಲಿ ಆಗದಿದ್ದರೆ ಇನ್ನೆಲ್ಲಿ ಆದೀತು?

ನೌಕರಿಯ ಚಿಂತೆಯೂ ನಿಮಗೆ ಇರುತ್ತದೆ. ಪದವಿಯ ಮೇಲೆ ಎಂ.ಎಸ್ಸಿ. ಮಾಡಿಕೊಂಡರೆ ಯು.ಪಿ.ಎಸ್‌.ಸಿ. ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಇದೆ, ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ, ಅಂತರ್ಜಲದ ಕೆಲಸ ಇದೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು, ಪಠ್ಯ ಆ ಕಡೆ ಈ ಕಡೆ ಆಗುತ್ತಿರುತ್ತದೆ. ಅದಕ್ಕೆ ಹೆದರಬೇಡಿ, ಕಲ್ಲು ಅಲ್ಲೇ ಇರುತ್ತದೆ.

ನಿಮ್ಮಿಂದ ಆಗಬೇಕಾದ ಕೆಲಸ ಎರಡು. ಒಂದು, ಪ್ರವಾಸಕ್ಕೆ ಮಗಳನ್ನು ಕಳಿಸಿ. ಮೂರು ದಿನ, ನಾಲ್ಕು ದಿನ ಹೊರಗಿರಬೇಕೆಂದಾಗ ಮನೆಯವರು ಬೇಡವೆನ್ನುವುದು ಹೆಣ್ಣುಮಕ್ಕಳಿಗೇ ಹೆಚ್ಚು. ಎಷ್ಟೋ ಜಾಣ ಹುಡುಗಿಯರು ಕಾಲೇಜಿನಲ್ಲೇ ಉಳಿದು ಗೆಳತಿಯರ ವಹಿ ನೋಡಿ ಬರೆದುಕೊಂಡದ್ದನ್ನು ಕಂಡಿದ್ದೇನೆ, ಈಗಲೂ ಮನಸ್ಸಿಗೆ ನೋವಾಗುತ್ತದೆ. ಇಳಿದುಕೊಳ್ಳುವುದು ಎಲ್ಲಿ, ಜೊತೆಗೆ ಅಧ್ಯಾಪಕಿ ಬರುತ್ತಾರೋ, ಶೌಚಾಲಯದ ವ್ಯವಸ್ಥೆ ಏನು ಎಂದು ಕಾಲೇಜಿನವರನ್ನು ಧಾರಾಳವಾಗಿ ಕೇಳಿ. ಕೇಳಿ, ಖಾತ್ರಿ ಮಾಡಿಕೊಂಡು ಕಳಿಸಿ.

ಎರಡನೆಯದು ಬೇಸಿಗೆ ರಜೆಯಲ್ಲಿ. ಹೊಲ ಬಿರುಕು ಬಿಟ್ಟಾಗ ಮಗಳ ಕೈಗೆ ಒಂದು ಹಗ್ಗ ಕೊಡಿ, ತುದಿಗೆ ಒಂದು ಕಲ್ಲು ಕಟ್ಟಿ ಬಿರುಕಿನೊಳಗೆ ಇಳಿಸಿ ಎಷ್ಟು ಆಳ ಎಂದು ಅಳೆಯಲಿ. ಆಮೇಲೆ ಬದುವಿನ ಹತ್ತಿರ ಆಳಿನುದ್ದ ಒಂದು ಗುಂಡಿ ತೋಡಿಸಿ. ಅವಳು ಗುಂಡಿಯೊಳಗೆ ಇಳಿದು ಕರಿಯ ಮಣ್ಣು ಎಲ್ಲಿಯವರೆಗೆ, ಸುಣ್ಣದ ಹರಳು ಎಷ್ಟನೇ ಅಡಿಯಿಂದ, ಗರಸು ಎಲ್ಲಿ ಶುರು ಎಂದು ಟೇಪು ಹಿಡಿದು ಬರೆದುಕೊಳ್ಳಲಿ. ಹರಳಿನ ಮೇಲೆ ನಿಂಬೆರಸ ಹಿಂಡಿ ಗುಳ್ಳೆ ಏಳುತ್ತವೋ ನೋಡಲಿ. ತಳದಲ್ಲಿ ಸಿಕ್ಕ ಕಲ್ಲಿನ ಚೂರನ್ನು ಧಾರವಾಡಕ್ಕೆ ಒಯ್ದು ಮಸೂರದಡಿ ಇಡಲಿ. ಅದು ಲಾವಾ ಹೌದೋ ಅಲ್ಲವೋ ಎಂದು ಆಮೇಲೆ ನೀವೇ ಅವಳನ್ನು ಕೇಳಿ. ಗುಂಡಿಯ ಲೆಕ್ಕ ನನಗೂ ಬರೆದು ಕಳಿಸಿ.